ಸಮಾ ಆದ ಆಟ

ಗಂಡ ಹೆಂಡತಿ ಮಾತು ಬಿಟ್ಟು ಎಂಟು ತಿಂಗಳಾಗಿತ್ತು, ಚೌಕಾಬಾರ ಮಾತ್ರ ಬಿಟ್ಟಿರಲಿಲ್ಲ. ಪರಿಮಳಾ ದೋರನಹಳ್ಳಿಯ ತವರುಮನೆಯಲ್ಲಿ ಕುಳಿತು ಫೋನಿನ ಮೇಲೆ ಕವಡೆ ಎಸೆಯುತ್ತಿದ್ದಳು. ದೇವಿಂದ್ರ ಕಡೇಚೂರಿನ ಕಾರ್ಖಾನೆಯಲ್ಲಿ ಪಾಳಿ ಮುಗಿಸಿ ಸೈದಾಪುರದ ಕೋಣೆಯಿಂದಲೋ, ರಜೆಯಿದ್ದರೆ ಸುರಪುರದಲ್ಲಿ ತಾಯಿಯಿದ್ದ ಮನೆಯಿಂದಲೋ ಕಾಯಿ ನಡೆಸುತ್ತಿದ್ದ. ಆ ಆಟದೊಳಗೆ ಮಾತಾಡಲು ಒಂದು ನಗುವ ಮುಖ, ಒಂದು ಅಳುವ ಮುಖ, ಮುಗಿದ ಕೈ, ಇಷ್ಟೇ ಇದ್ದದ್ದು. ಅವಳು ಕಾಯಿ ಕಡಿದರೆ ಅವನು ಅಳುವ ಮುಖ ಕಳಿಸುತ್ತಿದ್ದ. ಇಲ್ಲಿ ಇವಳು ಸೆರಗು ಬಾಯಿಗಿಟ್ಟು ನಗುತ್ತಿದ್ದಳು. ಸಂಸಾರ ಅಂತ ಉಳಿದಿದ್ದು ಅಷ್ಟೇ, ಅದನ್ನೂ ಬಿಡಲು ಅವಳಿಗೆ ಮನಸ್ಸಿರಲಿಲ್ಲ.

ಜಗಳ ಆಗಿತ್ತೇ ಅಂದರೆ ಅದೂ ಇಲ್ಲ. ಆಗಿದ್ದರೆ ಎಷ್ಟೋ ಚೆನ್ನಾಗಿತ್ತು. ಐದನೇ ತಿಂಗಳಲ್ಲಿ ಹೊಟ್ಟೆಯಲ್ಲಿದ್ದ ಕೂಸು ಹೋಗಿ, ಆಸ್ಪತ್ರೆಯಿಂದ ಬಂದವಳು ಅಂಗಳದಲ್ಲಿ ಇನ್ನೂ ಚಪ್ಪಲಿ ಬಿಟ್ಟಿರಲಿಲ್ಲ, ಅತ್ತೆ ಭೀಮಮ್ಮ ನೆರೆಯ ಹೆಂಗಸರ ಮುಂದೆ ಅಂದೇಬಿಟ್ಟಳು: “ಹೊಲಿಗಿ ಕಲೀತೀನಂತ ದಿನಾ ಶಹಾಪುರಕ್ಕ ಬಸ್ಸಿನ್ಯಾಗ ಓಡ್ಯಾಡಿದ್ಳು. ಕೂಸು ಹ್ಯಾಂಗ ನಿಲ್ತದ?”

“ಡಾಕ್ಟರು ಹಂಗ ಅಂದಿಲ್ರಿ ಅತ್ತಿ,” ಎಂದು ಪರಿಮಳಾ ಗಂಡನ ಮುಖ ನೋಡಿದ್ದಳು. ಡಾಕ್ಟರು ಕರೆದು ಹೇಳಿದ್ದು ಅವನಿಗೇ. ನೀರಿನ ತಂಬಿಗೆ ಹಿಡಿದು ನಿಂತಿದ್ದ ದೇವಿಂದ್ರ ಆ ಕಡೆ ನೋಡಿದ, ಈ ಕಡೆ ನೋಡಿದ.

“ಅವ್ವ ಅನ್ನೋದೂ ಖರೇ ಅದ, ನೀ ಅನ್ನೋದೂ ಖರೇ ಅದ.”

ಕೆಟ್ಟವನಲ್ಲ ಮಹಾರಾಯ. ಕುಡಿದವನಲ್ಲ, ಕೈ ಎತ್ತಿದವನಲ್ಲ, ಹೆಂಡತಿಗೆ ಬಿಸಿ ಊಟ ಸಿಗದಿದ್ದರೆ ತಾನೂ ಉಣ್ಣುತ್ತಿರಲಿಲ್ಲ. ಯಾರ ಮನಸ್ಸನ್ನೂ ನೋಯಿಸಬಾರದು ಅನ್ನುವ ಹಟದಲ್ಲಿ ಹೆಂಡತಿಯ ಜೀವವನ್ನೇ ಹಿಂಡಿದವನು, ಅಷ್ಟೇ. ಮರುವಾರ ಅವಳು ತವರಿಗೆ ಬಂದಳು. ಅವನು ಹೋಗು ಅನ್ನಲಿಲ್ಲ, ಬೇಡ ಅಂತಲೂ ಅನ್ನಲಿಲ್ಲ.

“ಆಡಿದ್ದು ಸಾಕವ್ವ. ಹೋಗ್ತಿಯೋ ಇಲ್ಲೇ ಇರ್ತಿಯೋ ಒಂದು ಮಾಡು,” ಎಂದು ತಾಯಿ ಗೊಲ್ಲಾಳಮ್ಮ ಒಂದೇ ಸಮ ಬೆನ್ನು ಹತ್ತಿದ್ದಳು. ಅವಳ ಕಾಟಕ್ಕೆ ಪರಿಮಳಾ ಒಂದು ಭಾನುವಾರ ಮಧ್ಯಾಹ್ನ ಧೈರ್ಯ ಮಾಡಿ ಗಂಡನಿಗೆ ಮೆಸೇಜು ಹಾಕಿದಳು: ‘ಇವತ್ತು ಒಂದೇ ಆಟ. ನಾ ಗೆದ್ರ ಸೈದಾಪುರದಾಗ ಬ್ಯಾರೆ ಮನಿ ಮಾಡಬೇಕು. ನೀವ್ ಗೆದ್ರ ನಾ ಸುಮ್ನ ಸುರಪುರಕ್ಕ ಬರ್ತೀನಿ.’

ಅರ್ಧ ತಾಸಿನ ಮೇಲೆ ‘ಆತು’ ಅಂತ ಬಂತು. ಆ ಎರಡಕ್ಷರ ಓದಿ ಅವಳಿಗೆ ಕಣ್ಣಲ್ಲಿ ನೀರೇ ಬಂತು. ಮದುವೆಯಾದಾಗಿನಿಂದ ಈ ಮನುಷ್ಯ ಒಂದು ಮಾತಿಗೆ ಒಂದೇ ಉತ್ತರ ಕೊಟ್ಟದ್ದು ಅದೇ ಮೊದಲು.

ಆಟ ಬಿರುಸಾಗಿಯೇ ನಡೆಯಿತು. ಫೋನಿನ ಚೌಕಾಬಾರಕ್ಕೆ ವೇಳೆಯ ಮಿತಿ ಉಂಟು. ವೇಳೆ ಮುಗಿಯುವ ಹೊತ್ತಿಗೆ ಯಾರ ಕಾಯಿಗಳು ನಡುಮನೆ ಮುಟ್ಟಿ ಹೆಚ್ಚು ಹಣ್ಣಾಗಿರುತ್ತವೋ ಅವರು ಗೆದ್ದಂತೆ. ಪರಿಮಳಾಳ ಮೂರು ಹಣ್ಣಾಗಿದ್ದವು, ಅವನವು ಎರಡು. ಅವನ ಮೂರನೆಯದು ನಡುಮನೆಯ ಹೊಸ್ತಿಲಲ್ಲಿತ್ತು, ಮತ್ತು ಅವಳ ಗರಕ್ಕೆ ನೇರ ಸಿಕ್ಕಿತ್ತು. ಕಡಿದಿದ್ದರೆ ಅಲ್ಲಿಗೆ ಮುಗಿಯುತ್ತಿತ್ತು. ಅವಳು ಕಡಿಯಲಿಲ್ಲ, ಬೇರೆ ಕಾಯಿ ಸರಿಸಿದಳು. ದೋರನಹಳ್ಳಿಯ ಆ ಮನೆಯಲ್ಲಿ ಬಾಗಿಲ ಫರ್ಸಿಕಲ್ಲಿನ ಮೇಲೆ ಗೀಚಿದ ಚೌಕದ ಮುಂದೆ ಅಜ್ಜಿ ಕಲಿಸಿದ್ದು ಒಂದೇ ರೀತಿ: ಸಮಾ ಆದರೆ ಕಡಿಮೆ ಕಡಿದವರದೇ ಆಟ. ಅವಳು ಕಡಿದದ್ದು ಒಂದೋ ಎರಡೋ, ಅವನು ಸಿಕ್ಕಸಿಕ್ಕದ್ದನ್ನೆಲ್ಲ ಕಡಿದಿದ್ದ. ಗಂಡನ ಕಾಯಿಯನ್ನು ಕೊನೆಗಳಿಗೆಯಲ್ಲಿ ಹೊಡೆದುರುಳಿಸದೆ ಗೆಲ್ಲಬಹುದು ಅಂತ ಅವಳಿಗೆ ಒಳಗೊಳಗೇ ಖುಷಿಯಾಯಿತು. ಜಗತ್ತಿನಲ್ಲಿ ಬೇರೆ ರೀತಿಯೂ ಇರಬಹುದೆಂದು ಅವಳಿಗೆ ಹೊಳೆಯಲೇ ಇಲ್ಲ. ಅವನ ಕಾಯಿ ಹಣ್ಣಾಯಿತು, ವೇಳೆ ಮುಗಿಯಿತು, ಮೂರಕ್ಕೆ ಮೂರು ಸಮಾ ಆಯಿತು.

ಫೋನು ಮಾತ್ರ ದೇವಿಂದ್ರನ ಚಿತ್ರಕ್ಕೆ ಹಾರ ಹಾಕಿತು. ಕೆಳಗೆ ಬರೆದಿತ್ತು: ಹಣ್ಣು ಸಮವಾದರೆ ಹೆಚ್ಚು ಕಡಿದವರಿಗೆ ಗೆಲುವು.

ಅವಳು ತಡೆಯಲಾಗದೆ ಫೋನು ಹಚ್ಚಿದಳು. ಎಂಟು ತಿಂಗಳ ಮೇಲೆ ಅವನ ದನಿ ಕೇಳಿದರೂ ನ್ಯಾಯ ಬಿಡಲಿಲ್ಲ.

“ಇದು ಸುಳ್ಳ ಅದ ನೋಡ್ರಿ. ಸಮಾ ಆದ್ರ ಕಡಿಮಿ ಕಡದಾಕಿದು ಆಟ.”

“ಇದರಾಗ ಹೆಚ್ಚು ಕಡದವಂದು ಅಂತ ಬಂದದಲ್ಲ.”

“ಫೋನಿಗೇನ್ ಗೊತ್ತದ?”

“ಅದೂ ಖರೇ ಅದ,” ಅಂದ ದೇವಿಂದ್ರ.

“ಹಂಗಾರ ಯಾರು ಗೆದ್ರು? ನೀವು ಹೇಳ್ರಿ.”

ಅವಳಿಗೆ ಆಗ ಸೈದಾಪುರವೂ ಬೇಡವಾಗಿತ್ತು. ‘ನಾನೇ ಗೆದ್ದೀನಿ, ಸುಮ್ಮನೆ ಮನೆಗೆ ಬಾ’ ಅಂತ ಅವನು ಗದರಿದ್ದರೆ ಸಂಜೆಯ ಬಸ್ಸಿಗೇ ಹೊರಟುಬಿಡುತ್ತಿದ್ದಳು. ಅವನ ಬಾಯಿಂದ ಯಾವುದಾದರೂ ಒಂದು ಮಾತು ಬೇಕಿತ್ತು, ಅಷ್ಟೇ.

“ನಮ್ಮ ಮನ್ಯಾಗ ಸಮಾ ಆದ್ರ ಆಡಿದವ್ರು ಹೇಳಂಗಿಲ್ಲ,” ಎಂದ ಅವನು. “ಬಾಜೂಕ ಕುಂತು ನೋಡಿದ ಹಿರೇರು ಹೇಳಬೇಕು. ಮೊದಲಿಂದ ಹಂಗೇ ಅದ.”

“ಈಗ ಯಾರು ಕುಂತು ನೋಡ್ಯಾರ?”

“ಅವ್ವ ನೋಡ್ಯಾಳ. ರಜಾ ಇದ್ದಾಗೆಲ್ಲ ನೋಡ್ತಾಳ.”

ಅಳುವ ಮುಖಗಳು, ನಗುವ ಮುಖಗಳು, ಅಷ್ಟನ್ನೂ ಅತ್ತೆ ಮಗ್ಗುಲಲ್ಲಿ ಕುಳಿತು ನೋಡಿದ್ದಾಳೆ! ಪರಿಮಳಾಳಿಗೆ ಮೈಯೆಲ್ಲ ಮುದುಡಿದಂತಾಯಿತು.

“ಪಣ ಕಟ್ಟಿದ್ದೂ ಗೊತ್ತದ ಏನ್ರಿ ಅವರಿಗೆ?”

“ಅವ್ವನ ಕೇಳೇ ಆತು ಅಂದಿದ್ದೆ.”

ಅಲ್ಲಿಂದ ಭೀಮಮ್ಮನ ದನಿ ಕೇಳಿಸಿತು. ಸಿಟ್ಟೇನೂ ಇರಲಿಲ್ಲ ಅದರಲ್ಲಿ. “ಆಕೀದೇ ಆಟ ಬಿಡಪಾ. ಕಡಿಯೋ ಕಾಯಿ ಕಡೀಲಾರದ ಬಿಟ್ಟಾಳ, ನಾ ನೋಡೀನಿ. ಬ್ಯಾರೆ ಮನಿ ಮಾಡು.”

“ಕೇಳಿದಿ?” ದೇವಿಂದ್ರನ ದನಿ ಹಗುರಾಗಿತ್ತು. “ನೀನೇ ಗೆದ್ದಿ.”

ಈ ಕಡೆ ಕಿವಿಗೊಟ್ಟು ನಿಂತಿದ್ದ ಗೊಲ್ಲಾಳಮ್ಮ ಎರಡೂ ಕೈ ಜೋಡಿಸಿ ದೇವರಿಗೆ ಮುಗಿದಳು, ಸೀದಾ ಅಡುಗೆಮನೆಗೆ ನಡೆದಳು.

“ಅತ್ತಿ ಉಲ್ಟಾ ಹೇಳಿದ್ದಿದ್ರ?” ಎಂದಳು ಪರಿಮಳಾ.

“ಹಂಗಾರ ಹಂಗ. ನನಗೇನು, ಹ್ಯಾಂಗಾದ್ರೂ ಸೈ.”

ಅವಳು ಗೋಡೆಗೆ ಒರಗಿದಳು. “ಒಂದು ಕೇಳ್ತೀನ್ರಿ. ಡಾಕ್ಟರು ಅವತ್ತು ನಿಮಗ ಏನು ಹೇಳಿದ್ರು?”

ಆ ಕಡೆ ಅವನು ಎದ್ದು ಎಲ್ಲೋ ದೂರ ಹೋದ ಸಪ್ಪಳ ಬಂತು. ಆಮೇಲೆ ತೀರಾ ಸಣ್ಣ ದನಿಯಲ್ಲಿ ಅಂದ: “ಕೂಸು ಹೋಗಿದ್ರಾಗ ನಿಂದೇನೂ ತಪ್ಪಿಲ್ಲ ಅಂದಿದ್ರು.”

“ಅದನ್ನ ಅತ್ತಿ ಮುಂದ ಹೇಳ್ರಿ. ಮನಿ ಏನೂ ಬ್ಯಾಡ ನನಗ.”

“ಈಗ್ಯಾಕ ಅದು? ಅವ್ವ ಎಷ್ಟು ಚಲೋ ಮನಸ್ಸು ಮಾಡ್ಯಾಳ. ಆಮ್ಯಾಲ ನೋಡೋಣು.”

“ಆತ್ರಿ,” ಎಂದು ಪರಿಮಳಾ ಫೋನು ಇಟ್ಟಳು. ಕೂಡಲೇ ಅದರ ಮೇಲೆ ಅವನ ಚಿತ್ರ ಮತ್ತೆ ಮೂಡಿತು, ಇನ್ನೊಂದು ಆಟಕ್ಕೆ ಕರೆಯುತ್ತ. ಪಾಪ, ಖುಷಿಯಲ್ಲಿದ್ದ.

ಅಡುಗೆಮನೆಯಲ್ಲಿ ಪಾತ್ರೆ ಸದ್ದಾಗುತ್ತಿತ್ತು. “ಸೈದಾಪುರದಾಗ ನೀರಿನ ತ್ರಾಸ ಇದ್ದೀತು. ಎರಡು ಕೊಡ ಒಯ್ಯವ್ವ,” ಎಂದು ಗೊಲ್ಲಾಳಮ್ಮ ಅಟ್ಟದ ಮೇಲೆ ಕೈ ಹಾಕಿದ್ದಳು.

ಪರಿಮಳಾ ಬಾಗಿಲ ಫರ್ಸಿಕಲ್ಲಿನ ಮೇಲೆ ಕುಳಿತು, ಅಜ್ಜಿಯ ಕಾಲದ ಗೀಟುಗಳ ಮೇಲೆ ಸುಮ್ಮನೆ ಬೆರಳಾಡಿಸಿದಳು.

“ಕೊಡ ಇಳಿಸಬ್ಯಾಡವ್ವ,” ಎಂದಳು. “ನಾ ಗೆದ್ದಿಲ್ಲ.”