ಇಡ್ರಿಸ್‌ನ ಮುಖ ಬರೆದ ಹಾಳೆ

ನಾನು ಒಂದು ಹಾಳೆ. ನೂರೈವತ್ತು ವರ್ಷಗಳ ಹಿಂದೆ ಹಳೆಯ ಬಟ್ಟೆಗಳನ್ನು ನೀರಿನಲ್ಲಿ ಅರೆದು ನನ್ನನ್ನು ಮಾಡಿದರು. ಯಾರದೋ ಅಂಗಿ, ಯಾರದೋ ಹೊದಿಕೆ ಸೇರಿ ನಾನಾದೆ. ಅದಕ್ಕೇ ಇರಬೇಕು, ಮನುಷ್ಯರ ಕೈ ತಾಕಿದರೆ ನನಗೆ ಹೊಸತೆನಿಸುವುದಿಲ್ಲ.

ನನ್ನನ್ನು ಕೊಂಡವನು ವೇಲ್ಸ್ ದೇಶದ ಶಿಲ್ಪಿ ಪ್ರಾಸರ್. ಅಮೃತಶಿಲೆಗೆ ಉಳಿ ಇಡುವ ಮೊದಲು ಮುಖವನ್ನು ಪೆನ್ಸಿಲಿನಲ್ಲಿ ಬರೆದು ನೋಡುವುದು ಅವನ ಪದ್ಧತಿ. ಒಂದು ದಿನ ಮಾರ್ಗೆಡ್ ಎಂಬ ತಾಯಿ ಬಂದಳು. ಅವಳ ಮಗ ಇಡ್ರಿಸ್ ಹಡಗಿನೊಡನೆ ಮುಳುಗಿಹೋಗಿದ್ದ. ದೇಹ ಸಿಕ್ಕಿರಲಿಲ್ಲ, ಮನೆಯಲ್ಲಿ ಅವನ ಚಿತ್ರವೂ ಇರಲಿಲ್ಲ. ಅವನ ನೆನಪಿಗೆ ಚರ್ಚಿನಲ್ಲಿ ಶಿಲೆಯ ಮುಖ ಇಡಿಸಲು ಊರವರು ಒಪ್ಪಿದ್ದರು.

"ಅವನ ಮುಖ ಮರೆತುಹೋಗ್ತಿದೆ ಸ್ವಾಮಿ," ಎಂದಳು. "ಕಣ್ಣು ನೆನಪಾದ್ರೆ ಗಲ್ಲ ನೆನಪಾಗಲ್ಲ."

"ಮನೆಯವರನ್ನೆಲ್ಲ ಕರ್ಕೊಂಡು ಬನ್ನಿ ತಾಯಿ. ಅವರಲ್ಲೇ ಎಲ್ಲೋ ಇರ್ತಾನೆ," ಎಂದ ಪ್ರಾಸರ್.

ಮನೆಯವರೆಲ್ಲ ಬಂದರು. ಇಡ್ರಿಸ್‌ನ ಅಜ್ಜನ ಹಣೆ, ಚಿಕ್ಕಪ್ಪನ ಮೂಗು, ತಂಗಿ ನೆಸ್ಟಾಳ ಬಾಯಿ. ಶಿಲ್ಪಿಯ ಮುಂದೆ ಕೂರುವುದೆಂದರೆ ಸಾಮಾನ್ಯವೇ? ಎಲ್ಲರೂ ಭಾನುವಾರದ ಕರಿಬಟ್ಟೆ ತೊಟ್ಟು, ಪಾದ್ರಿಯ ಪ್ರವಚನ ಕೇಳುವವರ ಹಾಗೆ ಮುಖ ಬಿಗಿದು ಕೂತರು. ಪ್ರಾಸರ್ ಅಳೆದು ಅಳೆದು ನನ್ನ ಮೇಲೆ ಬರೆದ. ಮಾರ್ಗೆಡ್ ಬಹಳ ಹೊತ್ತು ನೋಡಿದಳು.

"ಎಲ್ಲಾ ಸರಿಯಾಗಿದೆ. ಆದ್ರೆ ಇವನು ನನ್ನ ಮಗ ಅಲ್ಲ."

ಪ್ರಾಸರ್ ಸೋತವನಂತೆ ಹಿಂದಿನ ಸ್ಟೂಲಿನ ಮೇಲೆ ಕುಸಿದ. ಅದರ ಮೇಲೆ ಹಸಿ ಜೇಡಿಮಣ್ಣಿನ ಮುದ್ದೆಯಿತ್ತು!

"ಸ್ವಾಮಿ, ನಿಮ್ಮದೂ ಒಂದು ಅಚ್ಚು ಬಿತ್ತು!" ಎಂದು ನೆಸ್ಟಾ ಕಿಸಕ್ಕನೆ ನಕ್ಕಳು.

"ಸುಮ್ನಿರೇ ಕತ್ತೆ," ಎಂದು ಗದರಿದ ಅಜ್ಜ ತಾನೂ ನಕ್ಕುಬಿಟ್ಟ.

ಮಾರ್ಗೆಡ್ ಮಾತ್ರ ಮಗಳ ಬಾಯನ್ನೇ ನೋಡುತ್ತಿದ್ದಳು. ನಗುವಾಗ ಅವಳ ಎಡತುಟಿ ಮೊದಲು ಮೇಲೇಳುತ್ತಿತ್ತು.

"ಅದೇ, ಅವನ ನಗು ಅದೇ! ಬೇಗ ಬರೀರಿ!"

ಮಣ್ಣಾದ ಬಟ್ಟೆಯಲ್ಲೇ ಪ್ರಾಸರ್ ಬಿಗಿದ ಬಾಯನ್ನು ಅಳಿಸಿ, ನಗುವ ತುಟಿಗೆ ನನ್ನ ಮೇಲೆ ಒಂದು ಗೆರೆ ಎಳೆದ.

"ಬಂದ," ಎಂದಳು ತಾಯಿ.

ಚರ್ಚಿನ ಹಿರಿಯರು ಮಾತ್ರ ಒಪ್ಪಲಿಲ್ಲ. ದೇವರ ಮನೆಯಲ್ಲಿ ಸತ್ತವನು ನಗುವುದೇ? ಶಿಲೆಯ ತುಟಿ ಬಿಗಿದುಕೊಂಡೇ ಉಳಿಯಿತು. ಮಾರ್ಗೆಡ್ ಜಗಳವಾಡಲಿಲ್ಲ.

"ಕಲ್ಲು ಅವರಿಗಿರಲಿ. ಈ ಹಾಳೆ ನನಗೆ ಕೊಡ್ತೀರಾ?"

ಪ್ರಾಸರ್ ನನ್ನನ್ನು ಬಟ್ಟೆಯಲ್ಲಿ ಸುತ್ತಿ, ಒಂದು ಸುಕ್ಕೂ ಬೀಳದಂತೆ, ತಾನೇ ಅವಳ ಮನೆಯವರೆಗೆ ತಂದುಕೊಟ್ಟ.

ಬೆಳಿಗ್ಗೆ ಒಲೆ ಹಚ್ಚುವ ಮೊದಲು ಅವಳು ಹೆಬ್ಬೆರಳಿನಿಂದ ಆ ತುಟಿಯನ್ನು ಸವರುತ್ತಿದ್ದಳು. ಹಣೆಯ ಕೂದಲು ಸರಿಸುವಷ್ಟು ಮೆಲ್ಲಗೆ. ಅವಳ ನಂತರ ನೆಸ್ಟಾ ನನ್ನನ್ನು ಬೈಬಲಿನಲ್ಲಿಟ್ಟು ಕಾಪಾಡಿದಳು. ಅವಳ ಮೊಮ್ಮಕ್ಕಳು ಪತ್ರಾಗಾರಕ್ಕೆ ಕೊಟ್ಟರು. ಪ್ರಾಸರ್‌ನ ಉಳಿದ ಕಾಗದಗಳೊಂದಿಗೆ ಈಗ ರಟ್ಟಿನ ಪೆಟ್ಟಿಗೆಯೊಂದರಲ್ಲಿ ತಣ್ಣಗೆ ಮಲಗಿದ್ದೇನೆ.

ವಿದ್ವಾಂಸರು ಕೈ ತೊಳೆದು ಬಂದು ನನ್ನನ್ನು ಹೊರತೆಗೆದು ನೋಡುತ್ತಾರೆ. ಹಣೆ ಇದೆ, ಮೂಗು ಇದೆ. ಬಾಯಿ ಇರಬೇಕಾದಲ್ಲಿ ಬೂದುಬಣ್ಣದ ಮಸುಕು ಮಾತ್ರ.

"ಅಯ್ಯೋ, ಮುಖ್ಯವಾದದ್ದೇ ಅಳಿಸಿಹೋಗಿದೆಯಲ್ಲ," ಎಂದು ಮರುಗುತ್ತಾರೆ.

ನನಗೆ ವ್ಯಥೆಯಿಲ್ಲ. ಆ ಗೆರೆಯನ್ನು ಅವಳು ದಿನದಿನವೂ ಸ್ವಲ್ಪ ಸ್ವಲ್ಪವಾಗಿ ತೆಗೆದುಕೊಂಡಳು. ಮಗನ ಮುಖ ಮರೆಯದೆಯೇ ಕಣ್ಣು ಮುಚ್ಚಿದಳು.