ಫೋಟೋದಲ್ಲಿದ್ದ ಕೀಲಿ

ಕೀಲಿಯಣ್ಣ ಮೊಬೈಲಿನ ಮೇಲೆ ಎರಡು ಬೆರಳಿಟ್ಟು ಫೋಟೋವನ್ನು ದೊಡ್ಡದು ಮಾಡಿದ, ಇನ್ನೂ ದೊಡ್ಡದು ಮಾಡಿದ. ಮಗಳ ಮುಖ ಆಚೆ ಸರಿಯಿತು. ಅಳಿಯನ ನಗು, ಹೊಸ ಬಾಗಿಲು, ಬಾಗಿಲ ಪಕ್ಕದ ಮನೆ ನಂಬರು ಎಲ್ಲ ಮಾಯವಾಗಿ, ಕೊನೆಗೆ ಮಗಳ ಅಂಗೈ ಮತ್ತು ಅದರ ಮೇಲಿನ ಹಿತ್ತಾಳೆಯ ಕೀಲಿ ಮಾತ್ರ ಉಳಿದವು.

"ಏನ್ರೀ, ಮಗಳ ಮನೆ ನೋಡಿ ಅಂತ ಕೊಟ್ರೆ ಅವಳ ಕೈ ನೋಡ್ತಾ ಕೂತಿದ್ದೀರಲ್ಲ, ಭವಿಷ್ಯ ಹೇಳೋ ಹಾಗೆ?" ಎಂದಳು ಹೆಂಡತಿ.

"ಐದು ಕಚ್ಚು ಇದೆ ಕಣೇ. ಮೂರನೇದಕ್ಕೆ ಹೆಬ್ಬೆರಳು ಅಡ್ಡ ಬಂದಿದೆ. ಉಳಿದ ನಾಲ್ಕೂ ಚೆನ್ನಾಗಿ ಕಾಣ್ತಿವೆ."

ಮೂವತ್ತು ವರ್ಷ ಕೀಲಿ ಕತ್ತರಿಸಿದವನಿಗೆ ಕಚ್ಚಿನ ಆಳವನ್ನು ಕಣ್ಣಲ್ಲೇ ಅಳೆಯುವುದು ಪೇಪರು ಓದಿದಷ್ಟೇ ಸಲೀಸು. ಅವನಿಗೆ ಸಲೀಸಾದದ್ದು ಇನ್ನೊಬ್ಬನಿಗೂ ಸಲೀಸೇ. ಫೋಟೋದ ಕೆಳಗೆ ಮಗಳು ಬರೆದಿದ್ದಳು: "ಕೊನೆಗೂ ನಮ್ಮದೇ ಮನೆ! ಸಾಮಾನೆಲ್ಲ ಬಂದಾಯ್ತು, ಭಾನುವಾರ ನಾವೂ ಬರ್ತೀವಿ." ಅಂದು ಗುರುವಾರ. ಆಗಲೇ ನಾನೂರು ಜನ ಮೆಚ್ಚಿದ್ದರು. ಅವರಲ್ಲಿ ಮುನ್ನೂರು ಜನರ ಮುಖವನ್ನು ಮಗಳೂ ಕಂಡಿರಲಿಕ್ಕಿಲ್ಲ.

"ಫೋನ್ ಮಾಡಿ ಹೇಳಿಬಿಡಿ."

"ಹೇಳಿದ್ರೆ ಕೇಳೋಳಾ?"

ಮನೆಗೆ ಬೀಗ ತಾನೇ ಹಾಕಿಕೊಡುತ್ತೇನೆಂದು ಹೋದಾಗ ಅವಳು ನಕ್ಕುಬಿಟ್ಟಿದ್ದಳು. "ಅಪ್ಪಾ, ನಿನ್ನ ಕಣ್ಣಿಗೆ ಊರೆಲ್ಲ ಕಳ್ಳರೇ. ಮನೆ ಕಟ್ಟಿದವರೇ ಬೀಗ ಹಾಕಿದ್ದಾರೆ, ಸಾಕು ಬಿಡು" ಎಂದಿದ್ದಳು. ಅರ್ಧ ಊರಿನ ಬಾಗಿಲುಗಳು ಅವನ ಬೀಗದ ಮೇಲೆ ನಿಂತಿರುವಾಗ ಸ್ವಂತ ಮಗಳ ಬಾಗಿಲಿಗೆ ಯಾರದ್ದೋ ಬೀಗ. ಅವನಿಗೆ ಅದರಿಂದ ತುಂಬ ನೋವಾಗಿತ್ತು. ಯಾರ ಹತ್ತಿರವೂ ಹೇಳಿಕೊಂಡಿರಲಿಲ್ಲ.

ಸಂಜೆ ಐದಕ್ಕೆ ಹೊಸ ಮನೆಯ ಹತ್ತಿರ ಬಾ ಎಂದಷ್ಟೇ ಮಗಳಿಗೆ ಫೋನಿನಲ್ಲಿ ಹೇಳಿ, ಅಂಗಡಿಗೆ ಹೋಗಿ ಮೆಷಿನ್ನಿಗೆ ಕಚ್ಚಿಲ್ಲದ ಖಾಲಿ ಕೀಲಿ ಸಿಕ್ಕಿಸಿದ.

ನಾಲ್ಕೂವರೆಗೆ ಗಂಡ ಹೆಂಡತಿ ಆ ಬಾಗಿಲ ಮುಂದಿದ್ದರು. ಕೀಲಿ ಒಳಗೆ ಹೋಯಿತು, ತಿರುಗಲಿಲ್ಲ. ಹೆಬ್ಬೆರಳಿನ ಕೆಳಗಿದ್ದ ಮೂರನೇ ಕಚ್ಚು ಬಾಕಿ ಇತ್ತಲ್ಲ. ಅವನು ಮೆಟ್ಟಿಲ ಮೇಲೆ ಕುಳಿತು ಅರ ತೆಗೆದು ಉಜ್ಜಿದ, ಹಾಕಿ ನೋಡಿದ, ಮತ್ತೆ ಉಜ್ಜಿದ.

"ಯಾರಾದ್ರೂ ನೋಡಿದ್ರೆ ನನ್ನ ಮಾನ ಏನಾಗ್ಬೇಕು?" ಎಂದು ಹೆಂಡತಿ ಸೆರಗಿನಿಂದ ಬೆವರು ಒರೆಸಿಕೊಂಡಳು.

ಅಷ್ಟರಲ್ಲಿ ಮೇಲಿನ ಮನೆಯ ಹೆಂಗಸು ಇಳಿದು ಬಂದಳು. ಅರ ನೋಡಿದಳು, ಕೀಲಿ ನೋಡಿದಳು. "ಹೊಸದಾಗಿ ಬಂದವರಾ? ನೀರು ಗೀರು ಬೇಕಾದ್ರೆ ಕೇಳಿ" ಎಂದು ಹೇಳಿ ತನ್ನ ಪಾಡಿಗೆ ಹೋದಳು. ಕೀಲಿಯಣ್ಣ ಹೆಂಡತಿಯ ಮುಖ ನೋಡಿದ. ನಾಲ್ಕನೇ ಸಲಕ್ಕೆ ಬಾಗಿಲು ತೆರೆಯಿತು.

ಮಗಳು ಅಳಿಯ ಬಂದಾಗ ಇಬ್ಬರೂ ಪ್ಲಾಸ್ಟಿಕ್ಕು ಬಿಚ್ಚದ ಸೋಫಾದ ಮೇಲೆ ಕುಳಿತು ಫ್ಲಾಸ್ಕಿನ ಚಹಾ ಕುಡಿಯುತ್ತಿದ್ದರು.

"ಒಳಗೆ ಹೇಗೆ ಬಂದ್ರಿ?" ಮಗಳು ಬಾಗಿಲಲ್ಲೇ ನಿಂತಳು.

"ನೀನೇ ಕೀಲಿ ಕೊಟ್ಟೆಯಲ್ಲಮ್ಮ. ನನಗೊಬ್ಬನಿಗೇ ಅಲ್ಲ, ನಾನೂರು ಜನಕ್ಕೆ." ಅವನು ಕೀಲಿಯನ್ನೂ ಮೊಬೈಲನ್ನೂ ಪಕ್ಕಪಕ್ಕ ಹಿಡಿದ.

ಮಗಳು ಮೊದಲು ನಕ್ಕಳು. ಆಮೇಲೆ ಫೋಟೋ ನೋಡಿದಳು, ನಂಬರು ನೋಡಿದಳು, ತಾನೇ ಬರೆದದ್ದನ್ನು ಓದಿಕೊಂಡಳು. ಅಳಿಯ ಚಪ್ಪಲಿ ಬಿಚ್ಚುವುದನ್ನೂ ಮರೆತು ಅಡುಗೆಮನೆಗೆ ಓಡಿದವನು ಅಲ್ಲಿಂದಲೇ ಕೂಗಿ ಹೇಳಿದ: "ಮಿಕ್ಸಿ ಇದೆ."

"ಫೋಟೋ ಅಳಿಸಿಬಿಟ್ಟೆ ಅಪ್ಪಾ," ಎಂದಳು ಮಗಳು ಮೆಲ್ಲಗೆ. "ಆದ್ರೆ ನೋಡಿದವರು ನೋಡಿಯಾಯ್ತಲ್ಲ?"

"ಅದು ಹೌದು."

ಅವಳು ಅವನ ಕಾಲ ಬಳಿ ಇದ್ದ ಚೀಲದತ್ತ ನೋಡಿದಳು. "ಬೇರೆ ಬೀಗ ತಂದಿರ್ತೀಯ, ನನಗೆ ಗೊತ್ತು."

"ಇವತ್ತು ತಂದಿದ್ದಲ್ಲ," ಎಂದಳು ತಾಯಿ. "ನೀನು ಈ ಮನೆ ನೋಡಿ ಬಂದೆ ಅಂದ ದಿನಾನೇ ತಂದಿಟ್ಟಿದ್ದಾರೆ. ಆರು ತಿಂಗಳಾಯ್ತು."

ಮಗಳು ಅಪ್ಪನ ಪಕ್ಕ ಕುಳಿತು ಅವನ ಲೋಟದಿಂದಲೇ ಉಳಿದ ಚಹಾ ಕುಡಿದಳು. "ಹಾಕಿಕೊಡಪ್ಪಾ," ಎಂದಳು.

ಆಮೇಲೆ ಮನೆಗೆ ಕಳೆ ಬಂತು. ಅಳಿಯ ಸ್ಕ್ರೂ ಹಿಡಿದು ನಿಂತ, ಎರಡು ಸಲ ಬೀಳಿಸಿದ, "ಮಾವ, ಇದು ನನ್ನ ತಪ್ಪಲ್ಲ, ಸ್ಕ್ರೂನದ್ದು" ಎಂದು ಎಲ್ಲರನ್ನೂ ನಗಿಸಿದ. ಕೀಲಿಯಣ್ಣ ಹಳೆಯ ಬೀಗ ಕಿತ್ತು, ಹೊಸದನ್ನು ಕೂರಿಸಿ, ಹತ್ತು ಸಲ ತಿರುಗಿಸಿ ಕಿವಿಗೊಟ್ಟು ಕೇಳಿದ. ಇಂಥ ಸಂಜೆ ಅವನಿಗೆ ಬಹಳ ದಿನದಿಂದ ಸಿಕ್ಕಿರಲಿಲ್ಲ.

ಹೊಸ ಬೀಗಕ್ಕೆ ಮೂರು ಕೀಲಿ. ಮಗಳು ಒಂದನ್ನು ಗಂಡನಿಗೆ ಕೊಟ್ಟಳು, ಒಂದನ್ನು ತಾನಿಟ್ಟುಕೊಂಡಳು, ಮೂರನೆಯದನ್ನು ಅಪ್ಪನ ಮುಂದೆ ಹಿಡಿದಳು.

"ಬೇಡಮ್ಮ. ನಾನು ಬೀಗ ಹಾಕಿದ ಮನೆಯ ಕೀಲಿ ಇಟ್ಕೊಳ್ಳೋದಿಲ್ಲ. ಇವತ್ತಿನವರೆಗೂ ಇಟ್ಕೊಂಡಿಲ್ಲ."

"ಅದು ಗಿರಾಕಿಗಳ ಮನೆಗೆ. ಇಟ್ಕೋ. ಮುಂದಿನ ಸಲ ಮೆಟ್ಟಿಲ ಮೇಲೆ ಕೂತು ಅರ ಉಜ್ಜೋದು ಬೇಡ."

ಅವನು ತನ್ನ ಗೊಂಚಲು ತೆಗೆದ. ಅದರಲ್ಲಿ ಇದ್ದದ್ದು ಎರಡೇ, ಮನೆಯದು ಮತ್ತು ಅಂಗಡಿಯದು. ಮೂರನೆಯದನ್ನು ಸೇರಿಸಲು ಹೋದರೆ ಗೊಂಚಲಿನ ಬಿಗಿಯಾದ ಬಳೆ ಬಿಡಿಸಲು ಆಗಲಿಲ್ಲ. ಮಗಳು ಫೋಟೋ ತೆಗೆಯಲು ಮೊಬೈಲು ಎತ್ತಿದಳು, ಒಂದು ಕ್ಷಣ ತಡೆದು ಸೋಫಾದ ಮೇಲೆ ಮಗುಚಿ ಇಟ್ಟಳು. ಹತ್ತಿರ ಬಂದು ತನ್ನ ಉಗುರಿನಿಂದ ಬಳೆಯ ಬಾಯಿ ಬಿಡಿಸಿ, ಅವನು ಕೀಲಿ ತೂರಿಸಿ ಮುಗಿಸುವವರೆಗೂ ಹಿಡಿದುಕೊಂಡಳು.