ನಾಲ್ಕು ಪಾಯಿಂಟ್ ಒಂಬತ್ತು ಎಂಟು

ಲ್ಯಾಬಿನ ಉಪ್ಪಿನ ಬಾಟಲಿಯನ್ನು ಸರಿಯಾಗಿ ನೋಡಿದೆನೋ ಇಲ್ಲವೋ ಎಂಬುದು ಅವಳಿಗೆ ಎಷ್ಟು ತಲೆ ಕೆರೆದುಕೊಂಡರೂ ನೆನಪಾಗಲಿಲ್ಲ. ಇಂಥ ಅಳುಕುಗಳಿಗೆಂದೇ ಇಟ್ಟುಕೊಂಡಿದ್ದ ಡೈರಿಯಲ್ಲಿ ಬೆಳಗ್ಗೆ ಬರೆದಳು: 'ಕೈ ನೋಡಿತ್ತು, ಕಣ್ಣು ನೋಡಿರಲಿಲ್ಲ ಅನ್ನಿಸುತ್ತೆ.' ಬರೆದರೆ ಹಗುರಾಗಬೇಕಿತ್ತು, ಆಗಲಿಲ್ಲ.

ಔಷಧ ಕಾರ್ಖಾನೆಯ ಪರೀಕ್ಷಾ ಕೋಣೆಗೆ ಸೇರಿ ಐದು ತಿಂಗಳು. ಆರು ತುಂಬಿದರೆ ಕೆಲಸ ಕಾಯಂ. ಅಲ್ಲಿ ಅವಳು ದಿನಕ್ಕೆ ಹತ್ತು ಮಾತಾಡಿದರೆ ಹೆಚ್ಚು. ಅದರಲ್ಲಿ ಎಂಟು, ಗಾಜಿನ ಸಾಮಾನು ತೊಳೆಯುವ ಹೆಂಗಸಿನ ಜೊತೆ. ಆಕೆಯನ್ನು ಎಲ್ಲರೂ ಚಿಕ್ಕಮ್ಮ ಎನ್ನುತ್ತಿದ್ದರು. "ಬ್ಯುರೆಟ್ಟಿಂದ ಹನಿ ಬೀಳಿಸ್ಬೋದು, ನಿನ್ನ ಬಾಯಿಂದ ಮಾತು ಬೀಳಿಸೋಕಾಗಲ್ಲ ಕಣೇ," ಎಂದು ಚಿಕ್ಕಮ್ಮ ರೇಗಿಸುತ್ತಿದ್ದರು.

ಮೂರು ದಿನದಿಂದ ಅವಳು ತಯಾರಿಸುತ್ತಿದ್ದ ಅಸಿಟೇಟ್ ಬಫರ್ ಕೈಕೊಡುತ್ತಿತ್ತು. ಪಿಎಚ್ ಮೀಟರ್ 4.76 ತೋರಿಸಬೇಕಾದ ಕಡೆ 4.98 ತೋರಿಸುತ್ತಿತ್ತು. ಮೀಟರ್ ಸರಿಯಿದೆಯೆಂದು ಖಾತ್ರಿ ಮಾಡಿಕೊಂಡ ಮುಖ್ಯಸ್ಥರು ಫ್ಲಾಸ್ಕುಗಳ ಮೇಲೆ ಗುಮಾನಿಪಟ್ಟರು. ಒಳಗೆ ಸೋಪು ಉಳಿದಿರಬೇಕು, ಸೋಪು ಕ್ಷಾರ, ಅದಕ್ಕೇ ಪಿಎಚ್ ಏರಿದೆ ಎಂದರು. ಚಿಕ್ಕಮ್ಮನಿಗೆ ವಯಸ್ಸಾಯಿತು, ನಾಳೆಯಿಂದ ಪ್ಯಾಕಿಂಗ್ ವಿಭಾಗಕ್ಕೆ ಹೋಗಲಿ ಎಂದೂ ಅಂದರು. ಅಲ್ಲಿ ಎಂಟು ಗಂಟೆ ನಿಂತೇ ಇರಬೇಕು. ಚಿಕ್ಕಮ್ಮನ ಮಂಡಿಗಳು ಅರ್ಧ ಗಂಟೆಗೇ ಸೋಲುತ್ತಿದ್ದವು.

ಚಿಕ್ಕಮ್ಮ ಜಗಳಕ್ಕೆ ಹೋಗಲಿಲ್ಲ. ಸಿಂಕಿನ ಪಕ್ಕದ ಸ್ಟೂಲಿನಲ್ಲಿ ಕೂತು, ಒಂದು ಫ್ಲಾಸ್ಕನ್ನು ಬೆಳಕಿಗೆ ಹಿಡಿದು ತಿರುಗಿಸಿ ತಿರುಗಿಸಿ ನೋಡಿದರು.

"ಇಪ್ಪತ್ತೆರಡು ವರ್ಷ ಎಣಿಸಿ ನಾಲ್ಕು ಸಲ ಜಾಲಿಸಿದೀನಿ. ಈಗ ಎಣಿಕೆ ತಪ್ತಾ ಇದೆಯೇನೋ ಮಗಳೇ."

ಅವರಿಗೇ ತಮ್ಮ ಮೇಲೆ ಅನುಮಾನ ಬಂದುಬಿಟ್ಟಿತ್ತು. ಅದನ್ನು ಅವಳಿಗೆ ಸಹಿಸಲಾಗಲಿಲ್ಲ. ಊಟದ ಬಿಡುವಿನಲ್ಲಿ ಡಬ್ಬಿ ಬಿಚ್ಚದೆ ಡೈರಿ ಬಿಚ್ಚಿದಳು.

ಬಫರ್ ಎಂದರೆ ಸುಲಭಕ್ಕೆ ಜಗ್ಗದ ದ್ರಾವಣ. ಒಂದು ದುರ್ಬಲ ಆಮ್ಲ, ಜೊತೆಗೆ ಅದರದೇ ಉಪ್ಪು. ಇಲ್ಲಿ ಎರಡೂ ಸಮಸಮ ಇದ್ದರೆ ಪಿಎಚ್ 4.76. ಸಮ ಇಲ್ಲದಿದ್ದರೆ ಉಪ್ಪನ್ನು ಆಮ್ಲದಿಂದ ಭಾಗಿಸಿ, ಬಂದದ್ದರ ಲಾಗ್ ತೆಗೆದು ಇದಕ್ಕೆ ಕೂಡಬೇಕು, ಅಷ್ಟೇ. ಮೊದಲು ಸೋಪಿನ ಲೆಕ್ಕಕ್ಕೇ ಕೈಹಾಕಿದಳು. ಒಂದು ಲೀಟರ್ ಬಫರನ್ನು 4.98ಕ್ಕೆ ಏರಿಸಲು ಹತ್ತಿರ ಹತ್ತಿರ ಒಂದು ಗ್ರಾಂ ಕಾಸ್ಟಿಕ್ ಸೋಡಾ ಬೇಕು. ಅಷ್ಟು ಕ್ಷಾರ ಸೋಪಿನಿಂದಲೇ ಬರಬೇಕೆಂದರೆ ಫ್ಲಾಸ್ಕಿನ ಕತ್ತಿನವರೆಗೆ ನೊರೆ ಉಕ್ಕಬೇಕಿತ್ತು. ಚಿಕ್ಕಮ್ಮ ಒಂದೇ ಸಲ ಜಾಲಿಸಿದ್ದರೂ ಅಷ್ಟು ಉಳಿಯುವಂತಿರಲಿಲ್ಲ.

ಹಾಗಾದರೆ ಹೆಚ್ಚಾದದ್ದು ಉಪ್ಪೇ. ಎದ್ದು ಕಪಾಟಿನ ಮುಂದೆ ನಿಂತಳು. ಹಳೆಯ ಬಾಟಲಿಯ ತಳದಲ್ಲಿ ಇನ್ನೂ ಸ್ವಲ್ಪ ಉಳಿದಿತ್ತು. ಅದರ ಮುಂದೆ ಹೊಸದು, ಅವಳೇ ಸೀಲು ಒಡೆದದ್ದು. ಅದರ ಮೇಲೆ 'ನಿರ್ಜಲ' ಎಂಬ ದಪ್ಪ ಅಕ್ಷರ. ಹಳೆಯ ಉಪ್ಪಿನ ಹರಳಿನೊಳಗೆ ನೀರೂ ಸೇರಿಕೊಂಡಿರುತ್ತಿತ್ತು, ಅದಾದರೆ 13.6 ಗ್ರಾಂ. ನೀರಿಲ್ಲದ್ದಾದರೆ 8.2 ಸಾಕು. ಅವಳು ರೂಢಿಯಂತೆ 13.6 ತೂಗಿದ್ದಳು. 13.6ನ್ನು 8.2ರಿಂದ ಭಾಗಿಸಿದಳು, ಲಾಗ್ ತೆಗೆದಳು: 0.22. ಕೂಡಿದಳು: 4.98. ತಪ್ಪು ತನ್ನದೇ. ಆದರೂ ಹಾಳೆ ಹರಿದುಕೊಂಡು ನೇರ ಮುಖ್ಯಸ್ಥರ ಕೋಣೆಗೆ ನಡೆದಳು.

ಅವರು ಎರಡು ಸಲ ಓದಿದರು. ಕ್ಯಾಲ್ಕುಲೇಟರ್ ಒತ್ತಿ ನೋಡಿದರು.

"ಲೆಕ್ಕ ಚೆನ್ನಾಗಿದೆ. ಆದ್ರೆ ರಿಜಿಸ್ಟರಲ್ಲಿ 13.6 ಅಂತ ಮಾತ್ರ ಇದೆ, ಯಾವ ಬಾಟಲಿ ಅಂತ ಇಲ್ಲ. ನಿನ್ನಷ್ಟು ಜಾಗ್ರತೆ ಇಲ್ಲಿ ಯಾರಿಗಿದೆಯಮ್ಮಾ? ಹಳೇ ಬಾಟಲಿಯಿಂದ್ಲೇ ತೂಗಿರ್ತೀಯ, ಅಲ್ವಾ?"

ತಲೆಯಾಡಿಸಿದರೆ ಮುಗಿಯುತ್ತಿತ್ತು. ತಲೆಯಾಡಿಸುವುದು ಅವಳಿಗೆ ಹೊಸದೇನೂ ಅಲ್ಲ. ಈ ಐದು ತಿಂಗಳು ಅದರಲ್ಲೇ ಕಳೆದಿತ್ತು. ಕೆಲಸ ಕಾಯಂ ಆಗುತ್ತಿತ್ತು, ಚಿಕ್ಕಮ್ಮ ನಾಳೆ ಪ್ಯಾಕಿಂಗಿನಲ್ಲಿ ನಿಲ್ಲುತ್ತಿದ್ದರು. ಅವಳು ಮೇಜಿನ ಅಂಚು ಹಿಡಿದುಕೊಂಡಳು.

"ಇಲ್ಲ ಸರ್. ಹೊಸದರಿಂದ ತೂಗಿದೆ. ಮೂರು ದಿನವೂ ತಪ್ಪು ತೂಗಿದ್ದು ನಾನೇ."